ನೀಲಿಯ ಪಕ್ಷದವಳು

ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹತ್ತು ವರ್ಷದ ಹುಡುಗಿಗೆ ಮುದುಕಿಯ ಬೆರಳು. ಶಾಲೆಗೆ ಹೊರಡುವ ಮುಂಚೆ ದಿನವೂ ಒಂದಷ್ಟು ಹೊತ್ತು ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ತೇಲುವ ರೇಷ್ಮೆಗೂಡುಗಳಿಂದ ಎಳೆಯ ತುದಿ ಹುಡುಕಿ ಕೊಡುವ ಕೆಲಸ ಅವಳದು. ಗೂಡಿನೊಳಗೆ ಬೆಂದ ಹುಳುವಿನ ವಾಸನೆ ಆ ಬೆರಳುಗಳಿಂದ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಸಂಜೆ ಅದೇ ಬೆರಳನ್ನು ಟಿವಿಯ ಕಡೆ ಚಾಚಿ, "ಈಗ ಇವ್ಳು ಏನಂತಾಳೆ ಗೊತ್ತಾ?" ಎಂದು ಶುರು ಮಾಡುತ್ತಿದ್ದಳು.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯ ಕೊನೆಯಲ್ಲಿ ನಮ್ಮ ಬಾಡಿಗೆ ಮನೆಯಿತ್ತು. ಅಪ್ಪ ಪಶು ಆಸ್ಪತ್ರೆಯಲ್ಲಿ ಅಟೆಂಡರ್. ನಮ್ಮ ಮೂಲ ಕೈಲಾಂಚದ ಕಡೆ. ಅಲ್ಲಿ ಚಿಕ್ಕಪ್ಪ ಹಿಪ್ಪುನೇರಳೆ ತೋಟ, ಹಸು, ಎಲ್ಲವನ್ನೂ ನೋಡಿಕೊಂಡು, ಅದರ ಜೊತೆಗೆ ಊರವರ ಜಗಳಗಳನ್ನೂ ತೀರ್ಮಾನಿಸಿಕೊಂಡು ದೊಡ್ಡ ಮನುಷ್ಯರಾಗಿದ್ದರು. ನಮ್ಮ ಹಿತ್ತಲಿಗೂ ಅವಳ ಮನೆಯ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಅದರ ಮೇಲೆ ಕಾಲಿಟ್ಟು ಆಚೆ ಹಾರಿದರೆ ಅವರ ನೂಲಿನ ಶೆಡ್ಡು, ಶೆಡ್ಡು ದಾಟಿದರೆ ಟಿವಿ ಇದ್ದ ಕೋಣೆ. ನಮ್ಮ ಮನೆಯಲ್ಲಿ ಟಿವಿ ಇತ್ತು, ಕೇಬಲ್ ಇರಲಿಲ್ಲ. ಮಕ್ಕಳು ಕೆಡುತ್ತವೆ ಎಂದು ಅಪ್ಪ ಹಾಕಿಸಿರಲಿಲ್ಲ.

ನಾವು ನೋಡುತ್ತಿದ್ದುದು ಜಪಾನಿನಲ್ಲಿ ಮಾಡಿದ ಒಂದು ಕಾರ್ಟೂನು. ಅದಕ್ಕೆ ಅನಿಮೆ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಎಂದೂ ಮುಗಿಯದ ಕಥೆ ಅದು. ನಾವು ಲಂಗ ಹಾಕುವ ಕಾಲಕ್ಕೆ ಶುರುವಾದದ್ದು, ನಮಗೆ ಮಕ್ಕಳಾದ ಮೇಲೂ ನಡೆಯುತ್ತಲೇ ಇತ್ತು. ಕಡಲ ದಂಡೆಯ ಒಂದು ಹಳ್ಳಿ. ಅಲ್ಲಿ ಇಬ್ಬರು ಹುಡುಗಿಯರು, ಒಬ್ಬಳದು ಕೆಂಪು ಕೂದಲು, ಇನ್ನೊಬ್ಬಳದು ನೀಲಿ. ಒಂದು ಬೆಳಿಗ್ಗೆ ಹಳ್ಳಿಗೆ ಹಳ್ಳಿಯೇ ಸಮುದ್ರದೊಳಗೆ ಮುಳುಗಿಹೋಗುತ್ತದೆ. ಉಳಿದವರು ಇವರಿಬ್ಬರೇ. ಊರನ್ನು ಮತ್ತೆ ಮೇಲಕ್ಕೆತ್ತುವ ದಾರಿ ಹುಡುಕಿಕೊಂಡು ಒಂದೇ ದೋಣಿಯಲ್ಲಿ ಹೊರಡುತ್ತಾರೆ. ಅವರ ಜಪಾನಿ ಹೆಸರುಗಳು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವಳೇ ಒಬ್ಬಳಿಗೆ ಕೆಂಚಿ, ಇನ್ನೊಬ್ಬಳಿಗೆ ನೀಲಿ ಎಂದು ಹೆಸರಿಟ್ಟಳು.

ಮಾತೆಲ್ಲ ಹಿಂದಿಯಲ್ಲಿ. ಮನೆಯಲ್ಲಿ ಉರ್ದು ಆಡುವ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಕನ್ನಡ ಶಾಲೆಯ ನನಗೆ ಒಂದು ಅಕ್ಷರವೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಆ ಕಥೆಯನ್ನೆಲ್ಲ ನಾನು ಕೇಳಿದ್ದು ಅವಳ ಬಾಯಿಂದಲೇ. ಒಬ್ಬೊಬ್ಬರಿಗೂ ಒಂದೊಂದು ದನಿ. ಚಕ್ರವರ್ತಿ ನಮ್ಮ ಬೀದಿಯ ರೇಷನ್ ಅಂಗಡಿಯವನ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದ. ನೌಕಾಪಡೆಯ ದೊಡ್ಡ ಅಧಿಕಾರಿ ಅವಳ ಅಜ್ಜಿಯ ಹಾಗೆ ಕೆಮ್ಮಿ ಕೆಮ್ಮಿ ಅಪ್ಪಣೆ ಕೊಡುತ್ತಿದ್ದ. "ಏನೇ, ಊಟ ಆಯ್ತಾ ಅಂತವ್ನೆ ಕಣೇ" ಎಂದು ಅವಳು ಹೇಳಿದರೆ, ಸಮುದ್ರದ ನಡುವೆ ಕತ್ತಿ ಹಿಡಿದು ನಿಂತವನು ಊಟದ ವಿಚಾರ ಯಾಕೆ ಕೇಳುತ್ತಾನೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ನಡುವೆ ಎಲ್ಲಾದರೂ ತಡವರಿಸಿದರೆ, "ಒಸಿ ತಾಳು, ಹೇಳ್ತೀನಿ" ಎನ್ನುತ್ತಿದ್ದಳು.

ಒಂದು ಸಂಜೆ ಎಂಥದೋ ಯುದ್ಧದ ನಡುವೆ ಕರೆಂಟು ಹೋಯಿತು. ನಾನು ಅಳುವ ಹಾಗಾದೆ. ಅವಳು ಕಪ್ಪಾದ ಟಿವಿಯ ಕಡೆಗೇ ಮುಖ ಮಾಡಿಕೊಂಡು, "ಇರು, ಈಗ ನೀಲಿ ಹಿಂದ್ಗಡೆಯಿಂದ ಬತ್ತಾಳೆ" ಎಂದು ಉಳಿದ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದಳು. ಮಾರನೆಯ ದಿನ ನೋಡಿದರೆ ನೀಲಿ ಬಂದೇ ಇರಲಿಲ್ಲ. ಕೆಂಚಿ ಒಬ್ಬಳೇ ಏಟು ತಿಂದು ಬಿದ್ದಿದ್ದಳು. ಕಥೆ ಹೇಳಿದವಳು ಒಂಚೂರೂ ಅಳುಕಲಿಲ್ಲ. "ಇವ್ರು ತಪ್ ಹಾಕವ್ರೆ" ಎಂದು ಟಿವಿಯವರನ್ನೇ ಬೈದಳು. ಶೆಡ್ಡಿನಲ್ಲಿದ್ದ ಅವಳ ತಾಯಿಗೆ ನಗು ತಡೆಯಲಾಗಲಿಲ್ಲ. ಅವರನ್ನು ನಾನೂ ಅವಳ ಅಕ್ಕಪಕ್ಕದ ಮಕ್ಕಳ ಹಾಗೆ ಖಾಲಾ ಎನ್ನುತ್ತಿದ್ದೆ. "ನೀನ್ ಹೇಳೋದೇ ಚೆಂದಾಗೈತೆ ಬುಡು" ಎಂದರು ಖಾಲಾ.

ಕೇಬಲ್ಲಿನವನು ಆ ಚಾನೆಲ್ ತೆಗೆದಾಗ ನಾವು ಹೈಸ್ಕೂಲಿನಲ್ಲಿದ್ದೆವು. ಆ ಹೊತ್ತಿಗೆ ನೀಲಿ ಕೆಂಚಿಯನ್ನು ಬಿಟ್ಟು ಚಕ್ರವರ್ತಿಯ ನೌಕಾಪಡೆ ಸೇರಿಯಾಗಿತ್ತು. ಅವರ ಊರನ್ನು ಮುಳುಗಿಸಿದ್ದೇ ಆ ಚಕ್ರವರ್ತಿ ಎಂಬುದೂ ತಿಳಿದಿತ್ತು. ಬಿಟ್ಟು ಹೋಗುವಾಗ ನೀಲಿ ದೋಣಿಯ ಅಂಚಿನಲ್ಲಿ ನಿಂತು ಏನೋ ಹೇಳಿದಳು. ನಾನು ಕೇಳಿದೆ, "ಏನಂದ್ಲೇ?" ಅವಳು ಒಸಿ ತಾಳು ಎಂದಳು. ಆಮೇಲೆ ಹೇಳಿದಳು: "ಬೇಜಾರ್ ಮಾಡ್ಕಬ್ಯಾಡ, ಕೆಲ್ಸ ಮುಗುಸ್ಕಂಡು ಬತ್ತೀನಿ ಅಂತಾಳೆ."

ನಾನು ಆ ಮಾತನ್ನು ನಂಬಿಕೊಂಡು ವರ್ಷಗಟ್ಟಲೆ ನೀಲಿಗಾಗಿ ಕಾದೆ.

ಪಿಯುಸಿಗೆ ಒಂದೇ ಕಾಲೇಜು ಸೇರಿದೆವು. ಒಂದೇ ಕಾಲೇಜಿಗೆ ಹೋದ ಮೇಲೆಯೇ ನಾವು ದೂರವಾಗತೊಡಗಿದ್ದು. ಗೋಡೆ ಹಾರಿ ಹೋಗುತ್ತಿದ್ದಾಗ ನಮಗೆ ಬೇರೆ ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಅವಳಿಗೆ ಅವಳ ಕಡೆಯ ಹುಡುಗಿಯರು ಸಿಕ್ಕಿದರು, ನನಗೆ ನನ್ನ ಕಡೆಯವರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವಳು ಒಂದು ಮೂಲೆ, ನಾನೊಂದು ಮೂಲೆ. ಯಾರೂ ಜಗಳವಾಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ "ಏನೇ" ಎಂದರೆ "ಏನೇ" ಎನ್ನುತ್ತಿದ್ದಳು, ಅಷ್ಟೇ.

ಮತ್ತೆ ನಮ್ಮನ್ನು ಕೂಡಿಸಿದ್ದು ಆ ಕಥೆಯೇ. ಡಿಗ್ರಿಯಲ್ಲಿದ್ದಾಗ ಅವಳ ಅಣ್ಣ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಅದನ್ನು ತುಂಬಿಸಿಕೊಂಡು ಬಂದ. ಭಾನುವಾರ ಬೆಳಿಗ್ಗೆ ಅವರ ತಾರಸಿಯಲ್ಲಿ, ಒಣಹಾಕಿದ ನೂಲಿನ ಲಡಿಗಳ ನೆರಳಿನಲ್ಲಿ, ಅಂಗೈಯಗಲದ ಪರದೆಗೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದೆವು. ಹಿಂದಿ ನನಗೆ ಒಂದಿಷ್ಟು ಬರುತ್ತಿತ್ತು. ಆದರೂ ಅವಳೇ ಹೇಳಲಿ ಎಂದು ಸುಮ್ಮನಿರುತ್ತಿದ್ದೆ. ನಾವು ನೋಡದೆ ಬಿಟ್ಟಿದ್ದ ಎಷ್ಟೋ ಭಾಗಗಳಾದ ಮೇಲೆ ಆ ಇಬ್ಬರೂ ಒಂದು ಸೇತುವೆಯ ಮೇಲೆ ಎದುರುಬದುರಾದರು. ಕೆಂಚಿ ಕೈ ಚಾಚಿದಳು. ನೀಲಿ ಕತ್ತಿ ಹಿರಿದಳು.

"ಥೂ, ಎಂಥ ದ್ರೋಹಿ!" ಎಂದೆ.

"ದ್ರೋಹಿ ಯಾಕಾದಾಳು?" ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀಲಿ ಹಿಂದೆ ಎಷ್ಟ್ ಜನ ಅವ್ರೆ ನೋಡು. ಆ ಹಡಗ್ನಾಗಿರೋರೆಲ್ಲ ಅವ್ಳನ್ನೇ ನಂಬ್ಕಂಡವ್ರೆ. ಕೆಂಚಿಗೇನು, ಒಬ್ಳೇ. ಒಬ್ಳೇ ಇರೋರ್ಗೆ ಒಳ್ಳೇವ್ರಾಗೋದು ಸುಲಭ ಕಣೇ."

"ಹಂಗಂತ ಜೊತೇಲಿ ಬೆಳೆದವ್ಳ ಮೇಲೆ ಕತ್ತಿ ಎತ್ತೋದಾ?"

"ಎತ್ತವ್ಳೆ, ಹೊಡ್ದಿಲ್ವಲ್ಲ."

ಅವತ್ತು ನಾವು ನಿಜವಾಗಿಯೂ ಜಗಳವಾಡಿದೆವು. ಖಾಲಾ ಮೇಲೆ ಬಂದು, "ಬೊಂಬೆಗಳಿಗೋಸ್ಕರ ಹಿಂಗ್ ಕಚ್ಚಾಡ್ತೀರಲ್ರೇ" ಎಂದು ಇಬ್ಬರ ಕೈಗೂ ಒಂದೊಂದು ಲೋಟ ಟೀ ಕೊಟ್ಟು ಹೋದರು. ಅಲ್ಲಿಂದಾಚೆ ಅವಳು ನೀಲಿಯ ಪಕ್ಷ, ನಾನು ಕೆಂಚಿಯ ಪಕ್ಷ ಎಂದಾಯಿತು.

ಅದೇ ವರ್ಷ ನನಗೆ ಕನಕಪುರದ ಕಡೆಯ ಹುಡುಗನೊಬ್ಬನ ಪರಿಚಯವಾಯಿತು. ನಮ್ಮ ಕಾಲೇಜಿನವನೇ, ನನಗಿಂತ ಒಂದು ವರ್ಷ ಮುಂದಿದ್ದ. ಬೇರೆ ಜಾತಿ. ಇಷ್ಟು ಹೇಳಿದರೆ ಉಳಿದದ್ದನ್ನು ಯಾರೂ ಊಹಿಸಿಕೊಳ್ಳಬಹುದು. ರೈಲಿನಲ್ಲಿ ಮೈಸೂರಿಗೆ ಹೋಗಿ ರಿಜಿಸ್ಟರ್ ಮದುವೆಯಾಗುವುದೆಂದು ತೀರ್ಮಾನಿಸಿದೆವು. ಅವನ ಸ್ನೇಹಿತರಿಗೂ ತಿಳಿಸಿರಲಿಲ್ಲ. ನಾನು ಅವಳೊಬ್ಬಳಿಗೆ ಹೇಳಿದೆ. ಅವಳು ಒಳಗೆ ಹೋಗಿ ತನ್ನ ಬುರ್ಖಾ ತಂದು ನನ್ನ ಮಡಿಲಿಗೆ ಹಾಕಿದಳು. "ಸ್ಟೇಷನ್ ಗಂಟ ಇದ್ನ ಹಾಕ್ಕಂಡು ಹೋಗು. ಯಾರೂ ಗುರ್ತು ಹಿಡಿಯಾಕಿಲ್ಲ."

ಮಾರನೆಯ ಬೆಳಿಗ್ಗೆ ಕಾಲೇಜಿಗೆಂದು ಹೊರಟು, ಅವರ ಶೆಡ್ಡಿನಲ್ಲಿ ಅದನ್ನು ಹಾಕಿಕೊಂಡು ರಾಮನಗರದ ಸ್ಟೇಷನ್ನಿಗೆ ಹೋದೆ. ಅವಳು ಶೆಡ್ಡಿನಲ್ಲಿ ಇರಲಿಲ್ಲ. ಖಾಲಾ ಬೆನ್ನು ತಿರುಗಿಸಿ ಗೂಡು ಆರಿಸುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಬುರ್ಖಾ ಹಾಕಿದ ಹೆಂಗಸರು ಇನ್ನೂ ಕೆಲವರಿದ್ದರು. ಚಿಕ್ಕಪ್ಪ ಕಲ್ಲುಬೆಂಚಿನಿಂದ ಎದ್ದು, ಅವರ ನಡುವೆ ಹಾದು, ನೆಟ್ಟಗೆ ನನ್ನ ಹತ್ತಿರ ಬಂದರು.

"ಬಾ ಮಗ, ಮನೇಗೋಗಣ," ಎಂದರು. ದನಿ ಏರಿಸಲೇ ಇಲ್ಲ.

ನನ್ನ ಮೇಲೆ ಅವರು ಕೈ ಮಾಡಲಿಲ್ಲ. ಟಿಕೆಟ್ ಕೌಂಟರಿನ ಹತ್ತಿರ ನಿಂತಿದ್ದ ಆ ಹುಡುಗನನ್ನು ಚಿಕ್ಕಪ್ಪನ ಜೊತೆ ಬಂದವರು ಹೊರಗೆ ಎಳೆದುಕೊಂಡು ಹೋದರು. ಅವನ ಎಡಗಿವಿ ಇವತ್ತಿಗೂ ಕೇಳಿಸುವುದಿಲ್ಲ ಎಂದು ಬಹಳ ಕಾಲದ ಮೇಲೆ ಯಾರೋ ಹೇಳಿದರು. ನಾನು ಅವನನ್ನು ಮತ್ತೆ ನೋಡಲಿಲ್ಲ. ಬುರ್ಖಾವನ್ನು ಅಮ್ಮ ಒಗೆದು, ಒಣಗಿಸಿ, ಮಡಿಸಿ, ಗೋಡೆಯ ಮೇಲಿಟ್ಟಳು. ಆ ಗೋಡೆಯನ್ನು ಮುಂದಿನ ವಾರ ಅಪ್ಪ ಎತ್ತರಿಸಿ ಕಟ್ಟಿಸಿದರು. ಬಾಡಿಗೆ ಮನೆಯ ಗೋಡೆಯನ್ನು ಕೈಯಿಂದ ದುಡ್ಡು ಹಾಕಿ ಕಟ್ಟಿಸಿದವರು ನಮ್ಮ ಬೀದಿಯಲ್ಲಿ ಅವರೊಬ್ಬರೇ ಇರಬೇಕು.

ಚಿಕ್ಕಪ್ಪ ನನ್ನನ್ನು ಹೇಗೆ ಗುರುತಿಸಿದರು ಎಂದು ನಾನು ತುಂಬಾ ಯೋಚಿಸಿದ್ದೇನೆ. ಚಪ್ಪಲಿಯಿಂದ ಎಂದುಕೊಂಡಿದ್ದೆ. ಚಪ್ಪಲಿ ಬದಲಾಯಿಸಿರಲಿಲ್ಲವಲ್ಲ ಎಂದು ವರ್ಷಗಟ್ಟಲೆ ನನ್ನನ್ನೇ ಹಳಿದುಕೊಂಡೆ.

ಮಾಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮನೆಗೆ ನನ್ನನ್ನು ಕೊಟ್ಟರು. ಗಂಡ ಕೆಟ್ಟವರಲ್ಲ. ನನ್ನ ವಿಷಯ ತಿಳಿದೇ ಮಾಡಿಕೊಂಡಿದ್ದರು. ತಿಳಿದಿದೆ ಎಂಬುದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಒಂದು ದಿನವೂ ಮರೆಯಲೂ ಇಲ್ಲ. ಮೊದಲ ವರ್ಷಗಳಲ್ಲಿ ನಾನು ತವರಿಗೆ ಹೊರಟರೆ ಅತ್ತೆ ಜೊತೆಗೆ ಬರುತ್ತಿದ್ದರು. ಕೈಗೆ ಫೋನು ಬಂದದ್ದು ಮಗ ಹುಟ್ಟಿದ ಮೇಲೆ. ಅವಳಿಗೂ ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಗೆ ಮದುವೆಯಾಗಿದೆ ಎಂದು ಕೇಳಿದ್ದೆ. ಅವಳ ಮದುವೆಗೆ ನಾನು ಹೋಗಲಾಗಲಿಲ್ಲ. ನನ್ನ ಮದುವೆಗೆ ಅವಳೂ ಬಂದಿರಲಿಲ್ಲ. ನಮ್ಮ ಮನೆಯವರು ಅವಳನ್ನು ಬರಗೊಟ್ಟಿರಲಾರರು ಎಂದೇ ನಾನು ತಿಳಿದಿದ್ದೆ.

ಫೋನು ಬಂದ ಮೇಲೆ ನಾನು ಹುಡುಕಿದ ಮೊದಲ ವಸ್ತು ಆ ಕಾರ್ಟೂನು. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಮೊದಲಿಂದ ನೋಡತೊಡಗಿದೆ. ಆ ಹೊತ್ತಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನೋಡುತ್ತಾ ನೋಡುತ್ತಾ ನನಗೆ ನಗು ಬರತೊಡಗಿತು. ಅವಳು ಹೇಳಿದ ಕಥೆಯೇ ಬೇರೆ, ಅಲ್ಲಿರುವ ಕಥೆಯೇ ಬೇರೆ! ಊಟ ಆಯಿತಾ ಎಂದು ಯಾರೂ ಕೇಳುತ್ತಿರಲಿಲ್ಲ, ಕೊಲ್ಲುತ್ತೇನೆ ಎನ್ನುತ್ತಿದ್ದರು. ಕೆಂಚಿಯ ತಾಯಿ ದೂರದ ದ್ವೀಪದಲ್ಲಿ ಬದುಕಿದ್ದಾಳೆ ಎಂದು ಅವಳು ಹೇಳಿದ್ದು ಶುದ್ಧ ಸುಳ್ಳು. ತಾಯಿ ಎರಡನೆಯ ಭಾಗದಲ್ಲೇ ಊರಿನ ಜೊತೆ ಮುಳುಗಿ ಸತ್ತಿದ್ದಳು. ದೋಣಿಯ ಅಂಚಿನಲ್ಲಿ ನಿಂತ ನೀಲಿ ಬರುತ್ತೇನೆ ಎಂದಿರಲಿಲ್ಲ. "ಇನ್ನು ನನ್ನನ್ನು ಹುಡುಕಬೇಡ. ಹುಡುಕಿದರೆ ನಾನೇ ನಿನ್ನನ್ನು ಮುಗಿಸುತ್ತೇನೆ" ಎಂದಿದ್ದಳು. ಅಂದು ನನ್ನ ಪಕ್ಕದಲ್ಲಿ ಕೂತ ಹುಡುಗಿ ಆ ಮಾತು ಕೇಳಿಸಿಕೊಂಡು, ನನ್ನ ಮುಖ ನೋಡಿ, ಅದನ್ನು ನುಂಗಿಕೊಂಡು ಬೇರೆ ಮಾತು ಹೇಳಿದ್ದಳು. ನನಗೆ ನಗುವಿನ ಜೊತೆ ಅಳುವೂ ಬಂತು. ಅವಳನ್ನು ನೋಡಿ ಇದನ್ನೆಲ್ಲ ಹೇಳಬೇಕು, ಎಂಥ ಸುಳ್ಳುಬುರುಕಿಯೇ ನೀನು ಎಂದು ತಬ್ಬಿಕೊಳ್ಳಬೇಕು ಅನ್ನಿಸಿತು.

ಹಾಗೆ ಅನ್ನಿಸಿದ್ದು ಬಹಳ ದಿನ ಉಳಿಯಲಿಲ್ಲ. ತವರಿನಲ್ಲಿ ನನ್ನ ತಮ್ಮನ ಮದುವೆಯ ಮಾತುಕತೆ ನಡೆಯುತ್ತಿದ್ದ ದಿನ ಊಟ ಮುಗಿಸಿದ ಗಂಡಸರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ನಾನು ನೀರು ಕೊಡಲು ಹೋದೆ. ಚಿಕ್ಕಪ್ಪ ಯಾರಿಗೋ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವ ವಿಷಯದಲ್ಲಿ ಬುದ್ಧಿ ಹೇಳುತ್ತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಲೂ ಇಲ್ಲ. "ನಮ್ ಮನೇಲೂ ಆಗ್ತಿತ್ತು. ಆ ಸಾಬ್ರ ಹುಡ್ಗಿ ಬಾಯ್ ಬುಟ್ಟಿದ್ಕೆ ಬಚಾವಾದೊ. ಯಾವ ರೈಲು, ಯಾವ ಬಟ್ಟೆ, ಎಲ್ಲ ಹೇಳ್ಬುಟ್ಲು. ಒಳ್ಳೇ ಹುಡ್ಗಿ," ಎಂದರು. ನಾನು ಚೊಂಬು ಕೆಳಗಿಟ್ಟು ಒಳಗೆ ಬಂದೆ.

ಮಾರನೆಯ ದಿನವೇ ಅಮ್ಮನಿಗೆ ಏನೋ ನೆಪ ಹೇಳಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಗಂಡ ಮರ ಕಡೆಯುವ ಯಂತ್ರದ ಮುಂದೆ ಕೂತಿದ್ದರು. ಮರದ ಹೊಟ್ಟು ಮನೆಯೊಳಗೆಲ್ಲ ಹಾರುತ್ತಿತ್ತು. ಅವಳು ಒಳಗೆ ಬೊಂಬೆಯ ಗಾಲಿಗಳನ್ನು ಜೋಡಿಸುತ್ತಾ ಕೆಮ್ಮುತ್ತಿದ್ದಳು. ಸೊರಗಿದ್ದಳು. ನನ್ನನ್ನು ನೋಡಿದವಳು ಏಳಲಿಲ್ಲ. ನಾನು ಯಾಕೆ ಬಂದಿದ್ದೇನೆಂದು ಮುಖ ನೋಡಿಯೇ ತಿಳಿದುಕೊಂಡಳು.

"ಹೂಂ, ನಾನೇ ಹೇಳಿದ್ದು," ಎಂದಳು, ನಾನು ಕೇಳುವ ಮುಂಚೆಯೇ.

"ಯಾಕೆ?"

"ನಿಂಗೆ ಬುರ್ಖಾ ಕೊಟ್ಟ ದಿನ ಸಾಯಂಕಾಲ ನಿಮ್ ಚಿಕ್ಕಪ್ಪ ಬಂದ್ರು. ಅಷ್ಟೊತ್ತಿಗೆ ಅವ್ರಿಗೆ ಯಾರೋ ಏನೋ ಸುಳಿವು ಕೊಟ್ಟಿದ್ರು. ಅಬ್ಬಾನ ಮುಂದ್ಗಡೆ ಕುರ್ಚಿ ಹಾಕ್ಕಂಡು ಕೂತ್ಕಂಡ್ರು. ನಮ್ಮುಡ್ಗಿ ಎಲ್ಲಾರ ಹೋದ್ರೆ ನಿಮ್ ಮಗ್ಳೇ ಕಳ್ಸಿದ್ದು ಅಂತೀವಿ, ಆಮೇಲೆ ಈ ಬೀದೀಲಿ ಯಾರ್ ಮನೆ ಒಲೆ ಉರೀತದೆ ನೋಡನ ಅಂದ್ರು. ಮೆತ್ತಗೇ ಅಂದ್ರು. ಅಬ್ಬಾ ಅವ್ರ ಕಾಲ್ ಹಿಡ್ಕಂಡ್ರು."

"ನನಗೆ ಹೇಳ್ಬಹುದಿತ್ತಲ್ಲ. ನಾನೇ ಹೋಗ್ತಿರ್ಲಿಲ್ಲ."

"ಹೋಗ್ತಿದ್ದೆ," ಎಂದಳು. "ನಿಂಗೆ ಅವತ್ತು ಅವನೊಬ್ನೇ ಕಾಣ್ತಿದ್ದ."

ನಾನು ಏನೇನೋ ಕೂಗಾಡಿದೆ. ನನ್ನ ಬದುಕು ಹೋಯಿತು, ಆ ಹುಡುಗನ ಕಿವಿ ಹೋಯಿತು, ನಿನ್ನನ್ನು ಬಿಟ್ಟು ಇನ್ಯಾರನ್ನೂ ನಂಬಿರಲಿಲ್ಲ ಎಂದೆ. ಮುಂದಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು. ಅವಳು ಕೈಯಲ್ಲಿದ್ದ ಗಾಲಿಯನ್ನು ಜೋಡಿಸಿ ಮುಗಿಸಿ, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟಳು.

"ನಿಂದು ಒಂದು ಮದ್ವೆ ಹೋಯ್ತು. ನಮ್ದು ಬೀದೀನೇ ಹೋಗ್ತಿತ್ತು," ಎಂದಳು. ಆಮೇಲೆ ಕೇಳಿದಳು: "ನಿಮ್ ಚಿಕ್ಕಪ್ಪನ್ನ ಕೇಳಿದ್ಯಾ ಈ ಮಾತ್ನ?"

ನಾನು ನೆಲದ ಮೇಲಿನ ಮರದ ಹೊಟ್ಟನ್ನು ಕಾಲಿನಿಂದ ಒತ್ತರಿಸಿದೆ.

"ಕೇಳಿಲ್ಲ. ಒಂದೇ ಮನೇಲಿ ಕೂತ್ಕಂಡು ಊಟ ಮಾಡಿದ್ದೀಯ, ಅವ್ರನ್ನ ಕೇಳಿಲ್ಲ. ಬಸ್ಸತ್ಕಂಡು ನನ್ನ ಕೇಳಕ್ ಬಂದೆ."

ಅವಳ ಮಾತು ಸರಿ ಎಂದು ಒಪ್ಪಿಕೊಂಡ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ. ನ್ಯಾಯ ಅವಳ ಕಡೆಗಿದೆ ಎಂಬುದಕ್ಕೇ ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ನಾನು ಎದ್ದೆ. ಅವಳು ಬಾಗಿಲವರೆಗೆ ಬಂದಳು. ಕ್ಷಮಿಸು ಎನ್ನುತ್ತಾಳೇನೋ ಎಂದು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತೆ. "ಮೂಲೆ ಅಂಗ್ಡಿ ತಾವ ನಿಂತ್ಕೊ, ಮಾಗಡಿ ಬಸ್ಸು ಅಲ್ಲೇ ಸಿಗ್ತದೆ" ಎಂದಳು.

ಆಮೇಲೆ ನಾವು ಭೇಟಿಯಾಗಲಿಲ್ಲ. ಇಬ್ಬರ ಹತ್ತಿರವೂ ಫೋನಿತ್ತು. ಅವಳ ನಂಬರು ಹೇಗೋ ನನಗೆ ಸಿಕ್ಕಿತ್ತು, ನನ್ನದೂ ಅವಳಿಗೆ ಸಿಕ್ಕಿರಬೇಕು. ಹಬ್ಬ ಬಂದಾಗ ಅವಳ ಫೋಟೋ ಬದಲಾಗುತ್ತಿತ್ತು. ಮಕ್ಕಳ ಫೋಟೋ, ಬೊಂಬೆಗಳ ಫೋಟೋ. ನಾನು ನೋಡುತ್ತಿದ್ದೆ, ಮುಚ್ಚಿಡುತ್ತಿದ್ದೆ. ಕಾರ್ಟೂನಿನಲ್ಲಿ ನೀಲಿ ಸತ್ತದ್ದು ಆ ಕಾಲದಲ್ಲೇ. ಸುಟ್ಟುಹೋದ ಹಡಗಿನ ಮೇಲೆ, ತನ್ನ ಕಡೆಯ ಜನರ ನಡುವೆ. ಕೆಂಚಿ ಅಲ್ಲಿಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದನ್ನು ನೋಡಿದ ಮೇಲೆ ನಾನು ಆ ಕಥೆಯನ್ನು ಬಿಟ್ಟುಬಿಟ್ಟೆ. ಈಗಲೂ ನಡೆಯುತ್ತಿದೆಯಂತೆ.

ಅವಳು ಹೋದ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದಳು. ತರಕಾರಿ ರೇಟು, ಅಪ್ಪನ ಮಂಡಿನೋವು ಎಲ್ಲ ಮುಗಿದ ಮೇಲೆ, "ಹಿತ್ಲು ಮನೆ ಆ ಹುಡ್ಗಿ ಹೋಗ್ಬುಟ್ಲಂತೆ ಕಣೇ. ಉಸಿರಾಟದ ತೊಂದ್ರೆ ಇತ್ತಂತೆ. ತವರ್ಗೆ ಬಂದಿದ್ಲು, ಇಲ್ಲೇ ಆಯ್ತು" ಎಂದಳು. ಚಿಕ್ಕಂದಿನಲ್ಲಿ ಒಲೆಯ ಹೊಗೆ, ಬೇಯುವ ಗೂಡಿನ ಆವಿ. ಮದುವೆಯಾದ ಮೇಲೆ ಮರದ ಹೊಟ್ಟು. ಅವಳಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ.

ನಾನು ರಾಮನಗರಕ್ಕೆ ಹೋಗುವ ಹೊತ್ತಿಗೆ ಮಣ್ಣು ಮಾಡಿ ಮೂರು ದಿನವಾಗಿತ್ತು. ಅಪ್ಪ ಎತ್ತರಿಸಿದ ಗೋಡೆಯನ್ನು ಬಳಸಿಕೊಂಡು, ಬೀದಿ ಸುತ್ತಿ, ಮುಂಬಾಗಿಲಿನಿಂದ ಅವರ ಮನೆಗೆ ಹೋದೆ. ಮುಂಬಾಗಿಲಿನಿಂದ ನಾನು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನೂಲಿನ ಕೆಲಸ ನಿಂತು ಬಹಳ ಕಾಲವಾಗಿತ್ತಂತೆ. ಶೆಡ್ಡಿನಲ್ಲಿ ಅವಳ ಅಣ್ಣನ ಆಟೋ ನಿಂತಿತ್ತು. ಖಾಲಾ ಚಾಪೆಯ ಮೇಲೆ ಕೂತಿದ್ದರು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ದನಿ ಕೇಳಿ ಗುರುತು ಹಿಡಿದು, ಕೈಹಿಡಿದು ಹತ್ತಿರ ಕೂರಿಸಿಕೊಂಡರು.

"ನೀನ್ ಬರಾಕಿಲ್ಲ ಅಂದಿದ್ಲು," ಎಂದರು.

ಹೆಂಗಸರು ಬಂದು ಹೋಗುತ್ತಿದ್ದರು. ಒಬ್ಬಳು ಟೀ ತಂದಿಟ್ಟಳು. ಖಾಲಾ ನನ್ನ ಕೈ ಬಿಡಲಿಲ್ಲ. ಕೋಣೆ ಖಾಲಿಯಾಗುವವರೆಗೂ ಕಾದು, ಮುಖವನ್ನು ನನ್ನ ಹತ್ತಿರ ತಂದರು.

"ಮಗಾ, ನಮ್ಮಲ್ಲಿ ಒಂದ್ ಪದ್ಧತಿ ಐತೆ. ಹೋದೋರು ಯಾರ್ಗಾನ ಏನಾನ ಮಾಡಿದ್ರೆ, ಅವ್ರತ್ರ ಹೋಗಿ ಮಾಫಿ ಕೇಳ್ತೀವಿ. ಅವ್ರು ಬುಟ್ಕೊಟ್ರೇನೇ ಇವ್ರಿಗೆ ಅಲ್ಲಿ ನಿರಾಳ. ಎಲ್ಲಾರ್ನೂ ಕೇಳ್ದೆ. ನೀನೊಬ್ಳು ಉಳಿದಿದ್ದೆ. ಅವತ್ತು ಬಾಯ್ ಬುಡು ಅಂತ ಅವ್ಳ ಕಾಲಿಗೆ ಬಿದ್ದೋಳು ನಾನು. ನನ್ ಪಾಪ ನಾನ್ ನೋಡ್ಕತೀನಿ. ಅವ್ಳಿಗೆ ಮಾತ್ರ ಮಾಫ್ ಮಾಡ್ದೆ ಅಂತ ಒಂದ್ ಮಾತ್ ಹೇಳ್ಬುಡು."

ಟೀ ಆರಿಹೋಯಿತು. ಗೋಡೆಯಾಚೆ ಅಮ್ಮ ಯಾರ ಜೊತೆಯಲ್ಲೋ ಜೋರಾಗಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಖಾಲಾ ಅವಸರ ಮಾಡಲಿಲ್ಲ. ಕಾಣದ ಕಣ್ಣುಗಳನ್ನು ನನ್ನ ಮುಖದ ಮೇಲೆ ನೆಟ್ಟು ಕಾದರು.

"ಮಾಡ್ದೆ ಖಾಲಾ," ಎಂದೆ.

ಅವರು ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತರು. ನಾನು ಅಳಲಿಲ್ಲ. ಎದ್ದು ಬಸ್ ಸ್ಟ್ಯಾಂಡಿಗೆ ನಡೆದು, ಮಾಗಡಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದೆ. ಖಾಲಾಗೆ ನಾನು ಹೇಳಿದ ಮಾತು ಅವತ್ತು ನಿಜವಾಗಿರಲಿಲ್ಲ. ಇವತ್ತಿಗೂ ಆಗಿಲ್ಲ.